ಹಿಂದಿನ ರೀಡಿಂಗ್, ಇಂದಿನ ರೀಡಿಂಗ್

ಜನವರಿ ಒಂದು. ಶ್ರೀನಗರ ಬಸ್‌ಸ್ಟಾಂಡಿನ ಎದುರು
ಅರ್ಧ ಟೀ ಆರುವಷ್ಟರಲ್ಲಿ ಬರೆದು ಮುಗಿಸಿದೆ,
ಯಾರದೋ ತಪ್ಪು ಬಿಲ್ಲಿನ ಬೆನ್ನ ಮೇಲೆ:

ಗಣಿತದ ಪೇಪರ್ ಪಾಸು ಮಾಡುವುದು,
ಇಪ್ಪತ್ತೆರಡು ವರ್ಷದ ಬಾಕಿ.
ಸ್ಕೂಟರಿನ ಸಾಲ ತೀರಿಸುವುದು.
ನಾಯಿಗೆ ಹೆದರದಿರುವುದು.
ದಿನಕ್ಕೆ ಇನ್ನೂರು ಮೀಟರ್. ಇದು ನನ್ನದಲ್ಲ,
ಸೂಪರ್‌ವೈಸರ್ ವೀರಭದ್ರಯ್ಯನವರ ಗುರಿ, ನನ್ನ ಕೈಬರಹ.
ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ
ಅಣ್ಣ
ಎಂದಷ್ಟೇ. ಅದರ ಮುಂದೆ ಕ್ರಿಯಾಪದ ಬರೆಯಲಿಲ್ಲ.

ನನ್ನ ಕೆಲಸ ದೊಡ್ಡದೇನಲ್ಲ.
ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ,
ಜೇಡ ಬಲೆ ಹೆಣೆದ ಗಾಜಿನಾಚೆ
ಓಡುವ ಅಂಕಿಯನ್ನು ಹಿಡಿಯುವುದು.
ಇಂದಿನದರಲ್ಲಿ ಹಿಂದಿನದನ್ನು ಕಳೆ,
ಉಳಿದದ್ದು ಆ ಮನೆ ಬದುಕಿದ್ದು.
ಲೆಕ್ಕದಲ್ಲಿ ಫೇಲಾದವನು
ಈ ಒಂದು ಕಳೆಯುವ ಲೆಕ್ಕದ ಅನ್ನ ಉಣ್ಣುತ್ತೇನೆ.

ಯುಗಾದಿಯಂದು ಚೀಟಿ ಬಿಚ್ಚಿದೆ.
ಸಾಲದ ಸಾಲಿನ ಮೇಲೆ ಒಬ್ಬಟ್ಟಿನ ತುಪ್ಪದ ಕಲೆ.
ಅಷ್ಟೇ ಪ್ರಗತಿ.

ಏಪ್ರಿಲ್‌ನಲ್ಲಿ ಹನುಮಂತನಗರದ ಏರು ಹತ್ತುವಾಗ
ಟೋಪಿಯ ತುಂಬ ಹೊಂಗೆ ಹೂವು.
ಫ್ಯಾನು, ಕೂಲರು, ಫ್ರಿಜ್ಜಿನ ಗೊರಗೊರ;
ಪ್ರತಿ ಮನೆಯೂ ಗುರಿ ಮೀರಿ ಉರಿದಿತ್ತು,
ನಾನೊಬ್ಬ ಬಿಟ್ಟು.

ಕೆಲವು ಮನೆಗೆ ಬಿಲ್ ಸೊನ್ನೆ.
ಕೈಗೆ ಕೊಟ್ಟರೆ ಮುಖ ಅರಳುತ್ತದೆ,
ಒಮ್ಮೊಮ್ಮೆ ಮಜ್ಜಿಗೆಯೂ ಸಿಗುತ್ತದೆ.
ಜೇಬಿನೊಳಗಿನ ಚೀಟಿಯಲ್ಲಿ ನನಗೂ ಸೊನ್ನೆಯೇ,
ಅದಕ್ಕೆ ಯಾವ ಸರ್ಕಾರದ ಸಬ್ಸಿಡಿಯೂ ಇಲ್ಲ.

ಬ್ಯಾಂಕ್ ಕಾಲೋನಿ ಆರನೇ ಕ್ರಾಸಿನಲ್ಲಿ
ಕರಿಯ ನಾಯಿ ಗೇಟಿಗೆ ಕಾಲಿಟ್ಟು ನಿಲ್ಲುತ್ತದೆ, ನನ್ನಷ್ಟೇ ಎತ್ತರ.
'ಏನೂ ಮಾಡಲ್ಲ ಬನ್ನಿ' ಅಂತಾರೆ ವಿಶಾಲಾಕ್ಷಿ ಟೀಚರ್.
ನಿಜ. ಜೂನ್ ಮುಗಿಯುತ್ತಾ ಬಂತು,
ಏನೂ ಮಾಡದಿದ್ದವನು ನಾನು.

ಜುಲೈನಲ್ಲಿ ರಿಸಲ್ಟ್: ಮೂವತ್ತೊಂದು.
ನಾಲ್ಕು ಅಂಕ ಕಡಿಮೆ.
'ಹೋದ ಸಲಕ್ಕಿಂತ ಹತ್ತೊಂಬತ್ತು ಜಾಸ್ತಿ ಅಲ್ವಾ'
ಅಂದಳು ಹೆಂಡತಿ, ಅವರೆಕಾಳು ಚಿಲುಕುತ್ತಾ.
ಹಿಂದಿನ ರೀಡಿಂಗ್ ಅವಳಿಗೆ ನೆನಪಿತ್ತು!

ಬಾಗಿಲು ಹಾಕಿದ್ದರೆ ನಮಗೊಂದು ನಿಯಮವಿದೆ:
'ಡೋರ್ ಲಾಕ್' ಒತ್ತು,
ಕಳೆದ ತಿಂಗಳುಗಳ ಸರಾಸರಿ ಹಾಕು,
ಮುಂದಿನ ಮನೆಗೆ ನಡಿ.
ಅಣ್ಣನಿಗೆ ಏಳು ವರ್ಷದಿಂದ
ನಾನು ಹಾಕುತ್ತಾ ಬಂದದ್ದು ಸರಾಸರಿ.
ಸೈಟಿನ ಜಗಳ, ಅಮ್ಮನ ಬಳೆ, ಅದೇ ಅಂಕಿ ಪ್ರತಿ ತಿಂಗಳು.

ಸೆಪ್ಟೆಂಬರಿನಲ್ಲಿ ಎಜಾಜನ ಕಾಲು ಮುರಿದು
ಅವನ ಕತ್ರಿಗುಪ್ಪೆ ರೂಟು ನನ್ನ ಕೊರಳಿಗೆ ಬಿತ್ತು.
ಮೂರನೇ ದಿನ, ಹಸಿರು ಗೇಟು, ಕೆಳಗಿನ ಮನೆ.
ಮೆಷಿನ್ನಿನಲ್ಲಿ ಅಣ್ಣನ ಹೆಸರು, ಇನಿಷಿಯಲ್ ಸಮೇತ.
ತಿಂಗಳಿಗೆ ನೂರೆಪ್ಪತ್ತು ಉರಿಸುತ್ತಿದ್ದ ಮನೆ
ಈ ಸಲ ನಲವತ್ತೊಂದು.
ಎರಡು ಸಲ ಕಳೆದು ನೋಡಿದೆ. ನಲವತ್ತೊಂದೇ.
ಯಾರು ಆರಿಸಿದರು ಇಷ್ಟು ದೀಪಗಳನ್ನು?
ಗಂಟಲೊಣಗಿತು.

ಒಳಗಿಂದ ದನಿ: 'ಎಷ್ಟು ಬಂತಪ್ಪಾ?'
ಈ ಊರಿನವರೆಲ್ಲ ನನ್ನನ್ನು ಕೇಳುವುದು ಅದೊಂದೇ.
'ಕಮ್ಮಿ' ಅಂದೆ.
ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಿಲಕ.
'ನಿನ್ನತ್ತಿಗೆ ಹೊಸಪೇಟೆಗೆ ಹೋಗಿದಾಳೆ,
ಪಾರಿಜಾತನ ಬಾಣಂತನ.'
ನಾನು ಮದುವೆಯ ಸುದ್ದಿಯನ್ನೇ ಕೇಳಿರಲಿಲ್ಲ.
ನೀರು ಕೊಟ್ಟ. ನಿಂತೇ ಕುಡಿದೆ.
ಬಿಲ್ಲನ್ನು ಮಡಚಿ ಕಿವಿಯ ಮೇಲಿಟ್ಟುಕೊಂಡ, ಅಪ್ಪ ಬೀಡಿ ಇಡುತ್ತಿದ್ದಂತೆ.
ಆ ದಿನ ನೂರ ಹನ್ನೆರಡೇ ಮೀಟರ್.
ವೀರಭದ್ರಯ್ಯ ಬೈದರು, ಸರಿಯಾಗೇ ಬೈದರು.

ಇವತ್ತು ಡಿಸೆಂಬರ್ ಮೂವತ್ತೊಂದು, ಅದೇ ಟೀ ಅಂಗಡಿ.
ಸಾಲ ಇನ್ನೂ ಮೂರು ಕಂತು.
ನಾಯಿ ಹಾಗೇ ಇದೆ, ನಾನೂ.
ಚೀಟಿ ತಿರುಗಿಸಿದರೆ ಮುಂಭಾಗ ಖಾಲಿ:
ಹೆಸರು, ಮೊತ್ತ, ಕಟ್ಟಬೇಕಾದ ಕೊನೆಯ ದಿನ,
ಮೆಷಿನ್ ಅಚ್ಚೊತ್ತಿದ್ದೆಲ್ಲ ಬಿಸಿಲಿಗೆ, ಬೆವರಿಗೆ ಮಾಸಿದೆ.
ನನ್ನ ಪೆನ್ನಿನದು ಮಾತ್ರ ನಿಂತಿದೆ.

ಆ ಬಿಳಿಯ ಮೇಲೆ ಹೊಸ ವರ್ಷದ್ದು ಶುರು ಮಾಡಿದೆ.
ಮೊದಲನೆಯದು: ಮಗುವಿಗೆ ಏನು ಹೆಸರಿಟ್ಟರು, ಕೇಳುವುದು.
ಎರಡನೆಯದು ಹೊಳೆಯುವ ಮುಂಚೆ
ಟೀ ಆರಿತು.